ದೊರೆಗಳ ಭುಜನೋವು

ನಮ್ಮ ಮನೆಯಲ್ಲಿ ಬಹುವಚನ ಸಿಗುತ್ತಿದ್ದದ್ದು ಒಬ್ಬನೇ ಒಬ್ಬ ಮನುಷ್ಯನಿಗೆ. ಕಟ್ಟಿಕೊಂಡ ಗಂಡನನ್ನೇ ಹೋಗೋ ಬಾರೋ ಅನ್ನುವ ನಾನು, ಜನ್ಮದಲ್ಲಿ ಮುಖಾಮುಖಿ ನೋಡದ ಆ ಮನುಷ್ಯನನ್ನು ಮಾತ್ರ ಬಂದರು, ಹೋದರು, ಎಸೆದರು ಅನ್ನುತ್ತಿದ್ದೆ. ಅವನು ಅಟ್ಲಾಂಟಾದ ಬೇಸ್‌ಬಾಲ್ ತಂಡದ ಪಿಚರ್. ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ ಚೆಂಡೆಸೆಯುವವನು. ಆದರೆ ಆರು ಎಸೆತಕ್ಕೊಮ್ಮೆ ಚೆಂಡನ್ನು ಇನ್ನೊಬ್ಬನ ಕೈಗೆ ಕೊಡಬೇಕಾದ ಕರ್ಮ ಇವನಿಗಿಲ್ಲ. ಮೈದಾನದ ನಡುವೆ ಇರುವ ಸಣ್ಣ ದಿಬ್ಬದ ಮೇಲೆ ನಿಂತು, ಚೆನ್ನಾಗಿ ಎಸೆಯುತ್ತಿರುವಷ್ಟು ಹೊತ್ತು ಎಸೆಯುತ್ತಲೇ ಇರಬಹುದು. ದಿಬ್ಬದ ಮೇಲೆ ನಿಂತು ಅಭ್ಯಾಸವಾದವನಿಗೆ ಕೆಳಗಿದ್ದವರೆಲ್ಲ ಕುಳ್ಳರ ಹಾಗೆ ಕಾಣುತ್ತಾರೇನೋ, ಇವನ ತಲೆಯಂತೂ ಪೂರ್ತಿ ತಿರುಗಿತ್ತು.

ನಾನು ಅವನನ್ನು ದ್ವೇಷಿಸಲು ಶುರುಮಾಡಿದ್ದು ವಾಷಿಂಗ್ಟನ್ ಪಕ್ಕದ ಶ್ಯಾಂಟಿಲಿಯಲ್ಲಿ, ಕೊರೊನಾ ವರ್ಷ. ಗಂಡನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದಿದ್ದ ನನಗೆ ಕೆಲಸ ಮಾಡುವ ಹಕ್ಕಿರಲಿಲ್ಲ. ಗಂಡ ಬೇಸ್‌ಮೆಂಟಿನಲ್ಲಿ ಮೀಟಿಂಗ್ ಮಾಡುತ್ತಿದ್ದ, ಮಗಳು ಮಹಡಿಯಲ್ಲಿ ಆನ್‌ಲೈನ್ ಕ್ಲಾಸು. ಇಬ್ಬರ ನಡುವಿನ ಅಂತಸ್ತಿನಲ್ಲಿ ನಾನು ಮತ್ತು ಟೀವಿ. ಬೇಸ್‌ಬಾಲ್ ಹತ್ತಿಕೊಂಡದ್ದು ಹಾಗೆ. ಆ ವರ್ಷ ಸ್ಟೇಡಿಯಮ್ಮಿಗೆ ಜನರನ್ನು ಬಿಡುತ್ತಿರಲಿಲ್ಲ, ಸೀಟುಗಳಲ್ಲಿ ರಟ್ಟಿನ ಮನುಷ್ಯರನ್ನು ಕೂರಿಸಿದ್ದರು. ನಿಜವಾದ ಗದ್ದಲ ಇಲ್ಲದ್ದರಿಂದ ಆಟಗಾರರ ಮಾತು ಒಮ್ಮೊಮ್ಮೆ ಟೀವಿಗೇ ಕೇಳಿಸಿಬಿಡುತ್ತಿತ್ತು. ವಾಷಿಂಗ್ಟನ್ನಿನ ನಮ್ಮ ತಂಡದ ಎದುರು ಆಡುತ್ತಿದ್ದ ಈ ಮಹಾಶಯ ತನ್ನ ತಂಡದವನೇ ಒಂದು ಚೆಂಡು ಬಿಟ್ಟದ್ದಕ್ಕೆ ಬೈದದ್ದು ರಟ್ಟಿನ ಮನುಷ್ಯರಿಗೂ ಮುಜುಗರವಾಗುವಂತಿತ್ತು. ಬೈದಾದ ಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ಅವನನ್ನೇ ನೋಡುತ್ತ ನಿಂತ. ನಾನು ಪಲ್ಯಕ್ಕೆ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ, ಥೂ ನಿನ್ನ, ಅಂದೆ.

ಎರಡು ವರ್ಷ ಕಳೆದು ಗಂಡನಿಗೆ ಅಟ್ಲಾಂಟಾ ಕಡೆ ಕೆಲಸ ಸಿಕ್ಕಿತು. ಕಮ್ಮಿಂಗ್‌ನಲ್ಲಿ ಮನೆ ಮಾಡಿದೆವು. ಮದುವೆಯಾದ ಹೆಣ್ಣಿಗೆ ರಾತ್ರಿ ಬೆಳಗಾಗುವುದರೊಳಗೆ ಗೋತ್ರ ಬದಲಾಗುವ ಹಾಗೆ ನನಗೂ ತಂಡ ಬದಲಾಯಿತು. ನಿನ್ನೆಯವರೆಗೆ ಶಾಪ ಹಾಕಿದ ಮನುಷ್ಯ ಈಗ ನಮ್ಮವನು. ತೊಂದರೆ ಏನೆಂದರೆ ಅವನು ದೇವರಾಣೆಗೂ ಚೆನ್ನಾಗಿ ಎಸೆಯುತ್ತಿದ್ದ. ಆ ಚೆಂಡು ಹೊರಗೆ ಹೋಗುತ್ತದೆಂದು ನಂಬಿಸಿ ಕಡೇ ಗಳಿಗೆಯಲ್ಲಿ ಒಳಗೆ ತಿರುಗುವುದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಅದಾದ ಎರಡೇ ನಿಮಿಷಕ್ಕೆ ಅವನು ಕೋಚ್ ಮಾತಾಡಿಸಲು ಬಂದರೆ ಬೆನ್ನು ತಿರುಗಿಸಿ ನಿಲ್ಲುವನು, ಗೆದ್ದ ಮೇಲೆ ಕ್ಯಾಮರಾ ಮುಂದೆ ಎಲ್ಲವೂ ತನ್ನಿಂದಲೇ ಆಯಿತೆನ್ನುವನು, ಸೋತರೆ ಚೆಂಡು ಹಿಡಿಯುವ ಕ್ಯಾಚರ್ ಸರಿಯಿಲ್ಲವೆನ್ನುವನು. ಸ್ಟೇಡಿಯಮ್ಮಿಗೆ ಹೋದಾಗ ನೋಡಿದ್ದೇನೆ, ಇಡೀ ಊರಿಗೆ ನನ್ನ ಹಾಗೆಯೇ ಹೊಟ್ಟೆ ಉರಿ. ಎದ್ದು ನಿಂತು ಚಪ್ಪಾಳೆ ತಟ್ಟುವವರೇ ಕುಳಿತುಕೊಳ್ಳುತ್ತ ಅವನನ್ನು ಬೈಯುತ್ತಿದ್ದರು. ನಾನು ಅವನ ನಂಬರಿನ ಜರ್ಸಿ ಕೊಂಡೆ, ಆದರೆ ಅದನ್ನು ಅಡುಗೆ ಮಾಡುವಾಗ ಮಾತ್ರ ಹಾಕಿಕೊಳ್ಳುತ್ತಿದ್ದೆ. ಒಗ್ಗರಣೆ ಸಿಡಿದರೆ ಅವನ ಮೇಲೇ ಸಿಡಿಯಲಿ ಎಂದು.

ದೊರೆಗಳು ಎಂಬ ಹೆಸರು ಹುಟ್ಟಿದ್ದು ಆಗಲೇ. ಅವನು ತಲೆ ಎತ್ತಿಕೊಂಡು ದಿಬ್ಬದ ಕಡೆ ನಡೆಯುವಾಗ, ದೊರೆಗಳು ದಯಮಾಡಿಸಿದರು, ಅನ್ನುತ್ತಿದ್ದೆ. ಎಸೆತ ಕೆಟ್ಟರೆ, ದೊರೆಗಳಿಗೆ ಇವತ್ತು ಊಟ ಸೇರಿಲ್ಲ, ಅನ್ನುತ್ತಿದ್ದೆ. ಕನ್ನಡದಲ್ಲಿ ಒಬ್ಬನನ್ನು ನಿಜವಾಗಿ ಬೈಯಬೇಕಾದರೆ ಏಕವಚನ ಸಾಲದು, ಬಹುವಚನವೇ ಬೇಕು. ಈ ಮರ್ಮ ನನಗೆ ಗೊತ್ತಿದೆ ಎಂದು ನನಗೆ ಬಹಳ ಹೆಮ್ಮೆಯಿತ್ತು.

ಇನ್ನು ನನ್ನ ಕಥೆಗೆ ಬರುತ್ತೇನೆ. ನಾನೂ ಚೆಂಡೆಸೆಯುವವಳೇ. ಮೈಸೂರಿನಲ್ಲಿ ಕಾಲೇಜು ಓದುವಾಗ ಥ್ರೋಬಾಲ್ ಆಡಿ ಯೂನಿವರ್ಸಿಟಿ ತಂಡದವರೆಗೆ ಹೋಗಿದ್ದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಈ ಆಟವನ್ನು ವಿವರಿಸಬೇಕಾಗಿಲ್ಲ, ಗಂಡಸರಿಗೆ ಒಂದು ಮಾತು: ನೆಟ್ಟಿನ ಆಚೆಯಿಂದ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಒಂದೇ ಕೈಯಲ್ಲಿ ತಿರುಗಿ ಎಸೆಯುವುದು. ಕೈಜಾರಿದರೆ ಎದುರಿನವರಿಗೆ ಪಾಯಿಂಟು. ಹದಿನೈದಾದವರು ಸೆಟ್ ಗೆದ್ದ ಹಾಗೆ. ಕಮ್ಮಿಂಗ್ ಸುತ್ತಮುತ್ತಲಿನ ಕನ್ನಡದ ಹೆಂಗಸರೆಲ್ಲ ಸೇರಿ ತಂಡ ಕಟ್ಟಿ, ಶನಿವಾರ ಬೆಳಿಗ್ಗೆ ಶಾಲೆಯೊಂದರ ಜಿಮ್ ಬಾಡಿಗೆಗೆ ಹಿಡಿದು ಆಡುತ್ತಿದ್ದರು. ಮೊದಲ ದಿನ ನನ್ನ ಸರ್ವೀಸ್ ಸತತ ಏಳು ಸಲ ಯಾರಿಗೂ ಹಿಡಿಯಲಾಗಲಿಲ್ಲ. ಹದಿನಾಲ್ಕು ವರ್ಷ ಈ ದೇಶದಲ್ಲಿ ಫಾರಮ್ಮುಗಳ ಮೇಲೆ ಡಿಪೆಂಡೆಂಟ್ ಎಂದು ಬರೆದು ಬರೆದು ಸಾಕಾಗಿದ್ದವಳಿಗೆ ಆ ಏಳು ಪಾಯಿಂಟು ಏನೆಂದು ನಾನು ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾನು ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾರಾದರೂ ಚೆಂಡು ಬಿಟ್ಟರೆ ಒಂದು ಮಾತೂ ಆಡದೆ ಸುಮ್ಮನೆ ತಿರುಗಿ ನೋಡುತ್ತಿದ್ದೆ, ಅಷ್ಟೇ. ಚೆಂಡು ಹೆಚ್ಚಾಗಿ ಬಿಡುತ್ತಿದ್ದವರು ಉಡುಪಿ ಕಡೆಯ ಒಬ್ಬರು ಫಾರ್ಮಸಿಸ್ಟ್. ಭಾನುವಾರ ಚರ್ಚು ಮುಗಿಸಿ ಊರಿನ ಅರ್ಧ ಜನರಿಗೆ ಊಟ ಹಾಕುವ ಧಾರಾಳಿ. ಅವರ ಕಡೆ ನೋಡಿ ನೋಡಿ ನನ್ನ ಕತ್ತು ಆ ಬದಿಗೇ ತಿರುಗಿಕೊಂಡಿತ್ತು. ಮ್ಯಾಚ್ ಮುಗಿದ ಮೇಲೆ ತಂಡದ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದೆ, ಯಾರದ್ದು ಎಲ್ಲಿ ತಪ್ಪಿತು ಎಂದು. ಆರು ನಿಮಿಷಕ್ಕಿಂತ ಹೆಚ್ಚಿಗೆ ಎಂದೂ ಹೋಗಿಲ್ಲ. ಯಾರೂ ಉತ್ತರಿಸುತ್ತಿರಲಿಲ್ಲ. ಮನನ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ.

ಕಳೆದ ವರ್ಷ ಶಾರ್ಲೆಟ್‌ನಲ್ಲಿ ಥ್ರೋಬಾಲ್ ಟೂರ್ನಮೆಂಟ್ ನಿಗದಿಯಾಯಿತು. ವಾಷಿಂಗ್ಟನ್ ಕಡೆಯಿಂದ, ಎರಡೂ ಕ್ಯಾರೊಲೈನಾಗಳಿಂದ ತಂಡಗಳು ಬರುವವು. ಅದೇ ತಿಂಗಳು ನನ್ನ ಬಲಭುಜ ಹಿಡಿದುಕೊಂಡು ಮೂರು ವಾರ ಪ್ರಾಕ್ಟೀಸ್ ತಪ್ಪಿತು. ಕಾಕತಾಳೀಯವೆಂದರೆ ದೊರೆಗಳಿಗೂ ಭುಜನೋವು. ದೊಡ್ಡ ತಂಡಕ್ಕೆ ಮರಳುವ ಮುಂಚೆ ಪೆಟ್ಟಾದ ಆಟಗಾರರನ್ನು ಕೆಳದರ್ಜೆಯ ತಂಡದಲ್ಲಿ ಒಂದೆರಡು ಆಟ ಆಡಿಸಿ ನೋಡುತ್ತಾರೆ. ಆ ಕೆಳದರ್ಜೆಯ ತಂಡ ಆ ವಾರ ಆಡುತ್ತಿದ್ದದ್ದೂ ಶಾರ್ಲೆಟ್‌ನಲ್ಲೇ. ಭುಜ ಸರಿಹೋದರೆ ದೊರೆಗಳು ಶಾರ್ಲೆಟ್‌ಗೆ ಬರಬಹುದೆಂದು ಸುದ್ದಿಯಿತ್ತು. ನಾನು ಇದನ್ನು ತಂಡದವರಿಗೆಲ್ಲ ಫೋನು ಮಾಡಿ ಮಾಡಿ ಹೇಳಿದ್ದೆ.

ನನ್ನ ಭುಜನೋವು ಇಳಿದ ಶನಿವಾರ, ಅವರ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಹೋಗಿ ಸೇರಿಕೊಂಡೆ, ಎಲ್ಲರೂ ನಾರ್‌ಕ್ರಾಸ್‌ಗೆ ದೋಸೆ ತಿನ್ನಲು ಹೋದೆವು. ಮಗಳೂ ಜೊತೆಗಿದ್ದಳು. ಅವಳಿಗೆ ಹದಿಮೂರು ವರ್ಷ, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳನ್ನು ಅವರ ಜೊತೆ ಮುಂದೆ ಕಳಿಸಿ ನಾನು ಪಕ್ಕದ ಅಂಗಡಿಯಲ್ಲಿ ಕರಿಬೇವು, ನುಗ್ಗೆಕಾಯಿ ತೆಗೆದುಕೊಂಡು ಹೋಟೆಲಿಗೆ ಬಂದೆ. ಅವರು ನನಗೆ ಬೆನ್ನು ಹಾಕಿ ಕೂತಿದ್ದರು. ನಮ್ಮ ಕ್ಯಾಪ್ಟನ್, ಬೆಂಗಳೂರಿನ ಹುಡುಗಿ, ನನಗಿಂತ ಎಂಟು ವರ್ಷ ಚಿಕ್ಕವಳು, ಕೇಳುತ್ತಿದ್ದಳು:

“ದೊರೆಗಳು ಶಾರ್ಲೆಟ್‌ಗೆ ಬರ್ತಾರಂತಾ? ಭುಜ ಸರಿಹೋಯ್ತಂತಾ ಅವ್ರದ್ದು?”

ನನಗೆ ಎಷ್ಟು ಖುಷಿಯಾಯಿತೆಂದರೆ, ಕುರ್ಚಿ ಎಳೆದುಕೊಂಡು ನಡುವೆ ಕೂತೇಬಿಟ್ಟೆ. ಅಂತೂ ನಮ್ಮವರಿಗೂ ಬೇಸ್‌ಬಾಲ್ ಹುಚ್ಚು ಹತ್ತಿಸಿದೆನಲ್ಲ ಎಂದು. ಮೇಜಿನ ಸುತ್ತ ಎಲ್ಲರ ಕಣ್ಣೂ ತಟ್ಟೆಗೆ ಇಳಿದದ್ದು ಈಗ ನೆನಪಾಗುತ್ತದೆ. ಆಗ ಅದು ನನ್ನ ಜ್ಞಾನಕ್ಕೆ ತೋರಿಸಿದ ಗೌರವದ ಹಾಗೆ ಕಂಡಿತು. ಭುಜ ಸರಿಹೋಗಿದೆ, ಬಂದೇ ಬರುತ್ತಾರೆ, ಅಂದೆ. ಫಾರ್ಮಸಿಸ್ಟ್ ದೋಸೆ ಕಡೆ ನೋಡುತ್ತಲೇ, ಬರ್ತಾರೆ ಸರಿ, ಜೊತೆಗೆ ಆಡುವವರಿಗೆ ಕಷ್ಟ ಅಲ್ಲವಾ, ಅಂದರು. ಕಷ್ಟವೇ, ಅಂದೆ ನಾನು. ಅಂಥವರ ಜೊತೆ ಆಡುವುದಕ್ಕಿಂತ ಎದುರು ಆಡುವುದು ವಾಸಿ. ಆ ನೋಟ ಒಂದು ಸಾಕು, ಒಳ್ಳೆಯವನ ಕೈಯೂ ನಡುಗಬೇಕು. ಎಸೆಯುವುದು ಬಂದಮಾತ್ರಕ್ಕೆ ಮನುಷ್ಯನಾಗಿಬಿಡುವುದಿಲ್ಲ. ಹೀಗೆ ಒಂದು ಮಸಾಲೆ ದೋಸೆ ಪೂರ್ತಿ ಮುಗಿಯುವವರೆಗೆ ಹೇಳಿದೆ. ಕ್ಯಾಪ್ಟನ್ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಬಹಳ ಎಚ್ಚರದಿಂದ ಕೇಳಿದಳು:

“ಅಕ್ಕ, ನೀವೇ ಕ್ಯಾಪ್ಟನ್ ಆಗಿದ್ರೆ ಏನ್ ಮಾಡ್ತಿದ್ರಿ?”

“ಬೆಂಚ್ ಮೇಲೆ ಕೂರಿಸ್ತಿದ್ದೆ,” ಅಂದೆ. “ಕೈಯಲ್ಲಿ ಚೆಂಡಿಲ್ದೆ ಕೂತಾಗ್ಲೇ ಬುದ್ಧಿ ಬರೋದು. ಯಾರಾದ್ರೂ ಒಬ್ರು ಧೈರ್ಯ ಮಾಡ್ಬೇಕಷ್ಟೆ.”

ಅವಳು ನೀರು ಕುಡಿದಳು. ಫಾರ್ಮಸಿಸ್ಟ್ ನನ್ನ ತಟ್ಟೆಗೆ ತಮ್ಮ ವಡೆಯೊಂದನ್ನು ಹಾಕಿದರು. ಯಾಕೆಂದು ನಾನು ಕೇಳಲಿಲ್ಲ, ತಿಂದೆ.

ಕಾರಿನಲ್ಲಿ ಮಗಳು ಕರಿಬೇವಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನೂರನೇ ಹೆದ್ದಾರಿ ಹತ್ತಿದ ಮೇಲೆ ಕೇಳಿದಳು, “ಅಮ್ಮ, ‘ಅವರು’ ಅಂದ್ರೆ ಹೀ ನಾ, ಶೀ ನಾ?”

ಎರಡೂ ಆಗುತ್ತದೆ, ಗೌರವ ಕೊಟ್ಟರೆ ಕನ್ನಡದಲ್ಲಿ ಹೆಣ್ಣು ಗಂಡು ಒಂದೇ, ಎಂದು ಸಂತೋಷದಿಂದ ವಿವರಿಸಿದೆ. ಮಗಳು ವ್ಯಾಕರಣ ಕೇಳುವುದು ಯುಗಾದಿಗೊಮ್ಮೆ.

“ದೆನ್ ಹೌ ಡು ಯು ನೋ ಇಟ್ ವಾಸ್ ಹಿಮ್?” ಅಂದಳು.

ನಾನು ನಕ್ಕೆ. ನಗು ಅರ್ಧಕ್ಕೆ ನಿಂತಿತು. ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುವಿ ನೋಡಿದೆ. ಶಾರ್ಲೆಟ್‌ಗೆ ಬರುತ್ತಾರಾ. ನಾನೂ ಹೋಗಬೇಕು. ಭುಜ ಸರಿಹೋಯಿತಾ. ನನ್ನದೂ ಸರಿಹೋಗಿದೆ. ಜೊತೆಗೆ ಆಡುವವರಿಗೆ ಕಷ್ಟ. ನನ್ನ ಕಮ್ಮಿಂಗ್ ಎಕ್ಸಿಟ್ ಹಿಂದೆ ಹೋಗಿ ಎರಡು ಮೈಲಿಯಾಗಿತ್ತು. ಅವನಾದರೆ ಬರ್ತಾನೆ, ಅವಳಾದರೆ ಬರ್ತಾಳೆ. ಬರ್ತಾರೆ ಅಂದದ್ದರಿಂದ ನನಗೆ ತಿಳಿಯಲಿಲ್ಲ. ನಾನೇ ಹುಟ್ಟಿಸಿದ ಹೆಸರು, ನಾನೇ ಕಲಿಸಿದ ಬಹುವಚನ, ಶಿಕ್ಷೆಯನ್ನೂ ನಾನೇ ಬಾಯಾರೆ ಹೇಳಿ ಬಂದಿದ್ದೆ.

ಮನೆಯಲ್ಲಿ ಗಂಡ ಟೀವಿ ನೋಡುತ್ತಿದ್ದ. ನಾನು ಆ ಪಿಚರ್ ಥರ ಇದ್ದೀನೇನೋ, ಎಂದು ಕೇಳಿದೆ. ಅವನು ಟೀವಿ ಮ್ಯೂಟ್ ಮಾಡಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಆಟದ ನಡುವೆ ಅವನು ಮ್ಯೂಟ್ ಮಾಡಿದ್ದು ಅದೇ ಮೊದಲು. ಇದು ನಿನಗೆ ಎಷ್ಟು ದಿನದಿಂದ ಗೊತ್ತು, ಅಂದೆ.

“ಶ್ಯಾಂಟಿಲಿಯಿಂದ,” ಅಂದ.

ಮಂಗಳವಾರ ಗ್ರೂಪಿನಲ್ಲಿ ತಂಡದ ಪಟ್ಟಿ ಬಂತು. ಆಡುವ ಏಳು ಜನರಲ್ಲಿ ನಾನಿರಲಿಲ್ಲ, ಕೆಳಗೆ ಸಬ್ಸ್ಟಿಟ್ಯೂಟ್ ಎಂದು ಬರೆದಿತ್ತು. ಸಿಟ್ಟಿನಲ್ಲಿ ಉದ್ದಕ್ಕೆ ಬರೆದೆ, ಅಳಿಸಿದೆ. ಇನ್ನೊಮ್ಮೆ ಬರೆದೆ, ಅಳಿಸಿದೆ. ನಾನು ಬರೆಯುತ್ತಿದ್ದದ್ದು, ನಿಲ್ಲಿಸಿದ್ದು, ಮತ್ತೆ ಬರೆಯುತ್ತಿದ್ದದ್ದು ಎಲ್ಲರ ಫೋನಿನಲ್ಲೂ ಕಾಣುತ್ತಿತ್ತೆಂದು ಆಮೇಲೆ ತಿಳಿಯಿತು. ಭುಜ ಮತ್ತೆ ಹಿಡಿದುಕೊಂಡಿದೆ ಎಂದು ಹೇಳಿ ಶಾರ್ಲೆಟ್‌ಗೆ ಹೋಗುವುದೇ ಬೇಡ, ಆ ತಂಡವೂ ಬೇಡ ಎಂದು ನಿಶ್ಚಯಿಸಿದೆ. ಆದರೆ ಅದು ಬಿಟ್ಟರೆ ನನಗೆ ಈ ಊರಿನಲ್ಲಿ ನನ್ನದೆನ್ನುವುದು ಇನ್ನೇನೂ ಇರಲಿಲ್ಲ. ಹಾಗೆಂದು ಯೋಚಿಸುತ್ತಿರುವಾಗ ಫಾರ್ಮಸಿಸ್ಟ್ ಫೋನ್ ಮಾಡಿ, ಶನಿವಾರ ಬೆಳಿಗ್ಗೆ ಐದೂವರೆಗೆ ನಿಮ್ಮ ಮನೆ ಮುಂದೆ ಕಾರು ತರುತ್ತೇನೆ, ಬನ್ಸ್ ಮಾಡುತ್ತಿದ್ದೇನೆ, ನೀವು ಚಟ್ನಿ ತನ್ನಿ, ಎಂದು ಇಟ್ಟುಬಿಟ್ಟರು. ಚಟ್ನಿ ತರಬೇಕಾದವಳು ಮುನಿಸಿಕೊಳ್ಳುವುದು ಹೇಗೆ?

ನಾಲ್ಕು ಗಂಟೆಯ ದಾರಿ. ಸೌತ್ ಕ್ಯಾರೊಲೈನಾದಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ದಾಟುವವರೆಗೆ ಅವರು ಅತ್ತೆಯ ಸಕ್ಕರೆ ಕಾಯಿಲೆಯಿಂದ ಹಿಡಿದು ಮೀನಿನ ತನಕ ಎಲ್ಲ ಮಾತಾಡಿದರು. ಟ್ಯಾಂಕ್ ದಾಟಿದ ಮೇಲೆ ನಾನು ತಡೆಯಲಾರದೆ, ನೀವು ಚೆಂಡಿಗೆ ಹೆದರುತ್ತೀರಾ, ಎಂದು ಕೇಳಿದೆ. ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಚೆಂಡಿಗೆ ಎಂತ ಹೆದರಿಕೆ ಮಾರಾಯ್ರೆ. ಹಿಂದಿನಿಂದ ನೀವು ನೋಡ್ತೀರಲ್ಲ, ಆಗ ಕೈ ಬೆವರ್ತದೆ. ಬೆವರಿದ್ರೆ ಜಾರ್ತದೆ.”

ನಾನು ಬನ್ಸ್ ಬಾಯಿಗಿಟ್ಟುಕೊಂಡವಳು ಹಾಗೇ ಕೂತಿದ್ದೆ. ಬಿಟ್ಟ ಚೆಂಡನ್ನು ನಾನು ನೋಡುತ್ತಿದ್ದೆನೋ, ನಾನು ನೋಡಿದ್ದರಿಂದ ಚೆಂಡು ಬೀಳುತ್ತಿತ್ತೋ. ನಾಚಿಕೆಯಾಯಿತು.

ಬೆಂಚಿನ ಮೇಲೆ ಕುಳಿತು ನಮ್ಮ ತಂಡ ಆಡುವುದನ್ನು ನೋಡಿದ್ದು ಅದೇ ಮೊದಲು. ನನಗೆ ಸಮಾಧಾನವಾಗುವಂತೆ ಸೋಲಬಹುದಿತ್ತು, ಸೋಲಲಿಲ್ಲ. ಫಾರ್ಮಸಿಸ್ಟ್ ಒಂದೂ ಚೆಂಡು ಬಿಡಲಿಲ್ಲ. ಎಡಕ್ಕೆ ಬಂದದ್ದು, ಬಲಕ್ಕೆ ಬಂದದ್ದು, ನೆಲ ಸವರಿಕೊಂಡು ಬಂದದ್ದು, ಎಲ್ಲವನ್ನೂ ತೊಟ್ಟಿಲ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಿಜ ಹೇಳಬೇಕೆಂದರೆ ಮೊದಲ ಎರಡು ಸಲ ತಟ್ಟಲಿಲ್ಲ.

ಸೆಮಿಫೈನಲ್ ವಾಷಿಂಗ್ಟನ್ ಕಡೆಯ ತಂಡದ ಮೇಲೆ. ಮೂರನೇ ಸೆಟ್‌ನಲ್ಲಿ ಅವರು ಹದಿನಾಲ್ಕು, ನಾವು ಒಂಬತ್ತು. ಇನ್ನೊಂದು ಪಾಯಿಂಟಿಗೆ ಮನೆಗೆ. ಆಗ ಕ್ಯಾಪ್ಟನ್ ಬೆಂಚಿನ ಕಡೆ ತಿರುಗಿ, “ಅಕ್ಕ, ಬನ್ನಿ,” ಅಂದಳು. ಸರ್ವೀಸ್ ನಮ್ಮದು, ನಾನು ಕೈಗೆ ಚೆಂಡು ತೆಗೆದುಕೊಂಡೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಶ್ಯಾಂಟಿಲಿಯಲ್ಲಿ ನನ್ನ ಪಕ್ಕದ ಬೀದಿಯವರಾಗಿದ್ದ ಹೆಂಗಸೊಬ್ಬರು ಆ ಕಡೆ ನಿಂತು, ಅಯ್ಯೋ ಇವರೂ ಆಡುತ್ತಾರಾ, ಅಂದದ್ದು ಕೇಳಿಸಿತು. ಇನ್ನೊಂದು ಬಂದರೆ ಸಮಸಮ.

ಐದನೇ ಸರ್ವೀಸನ್ನು ಅವರು ಹಿಡಿದರು. ತಿರುಗಿ ಎಸೆದ ಚೆಂಡು ಮೆತ್ತಗೆ, ಮೇಲಿನಿಂದ, ನೇರ ನನ್ನ ಎದೆಗೇ ಬಂತು. ಚಿಕ್ಕ ಮಗುವೂ ಹಿಡಿಯುವ ಚೆಂಡು. ಆದರೆ ನನ್ನ ಗಮನವೆಲ್ಲ ಫಾರ್ಮಸಿಸ್ಟ್ ಕಡೆ ನೋಡದೆ ಇರುವುದರಲ್ಲೇ ಇತ್ತು. ನೋಡಬಾರದು, ನೋಡಬಾರದು ಎಂದು ಕತ್ತು ಬಿಗಿಹಿಡಿದುಕೊಂಡಿದ್ದವಳು ಚೆಂಡನ್ನೂ ನೋಡಲಿಲ್ಲ. ಅದು ಬೆರಳಿಗೆ ತಾಗಿ, ಮೊಣಕಾಲಿಗೆ ತಾಗಿ, ನೆಲದ ಮೇಲೆ ಉರುಳಿಕೊಂಡು ಹೋಯಿತು. ಪೀಪಿ ಊದಿದರು.

ಆರು ಜನ ತಿರುಗಿ ನನ್ನನ್ನು ನೋಡಿದರು. ನನ್ನ ಎರಡೂ ಕೈ ತಾವಾಗಿಯೇ ಸೊಂಟಕ್ಕೆ ಹೋಗಿದ್ದವು. ಹಾಗೆ ನಿಂತು ನಾನು ಯಾರನ್ನು ನೋಡಲಿ? ಕೆಳಗೆ ನನ್ನ ಶೂಗಳನ್ನೇ ನೋಡಿದೆ. ಆಗ ಫಾರ್ಮಸಿಸ್ಟ್ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಅಂದರು:

“ಎಂತ ಮಾರಾಯ್ರೆ, ದೊರೆಗಳ ಕೈಯಿಂದಲೂ ಚೆಂಡು ಜಾರ್ತದಾ?”

ಕ್ಯಾಪ್ಟನ್ ಮುಖ ಬಿಳುಚಿತು. ಒಬ್ಬರು ಇನ್ನೊಬ್ಬರನ್ನು ಚಿವುಟಿದರು. ಹೇಳಿದವರೇ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

“ಜಾರತ್ತೆ ಕಣ್ರೀ,” ಅಂದೆ. “ಭುಜನೋವು ಅಂತ ಬೇರೆ ಹೇಳ್ತಾರೆ, ನಂಬಬೇಡಿ.”

ಮೊದಲು ನಕ್ಕದ್ದು ಯಾರೋ ತಿಳಿಯದು. ಆಮೇಲೆ ಏಳೂ ಜನ ನೆಟ್ಟಿನ ಕಂಬ ಹಿಡಿದುಕೊಂಡು ನಗುತ್ತಿದ್ದೆವು. ಗೆದ್ದವರು ನಮ್ಮನ್ನು ನೋಡಿ, ಸ್ಕೋರು ಇನ್ನೊಮ್ಮೆ ಕೇಳಿಕೊಂಡು ಬರಲು ಹೋದರು. ಮನೆಗೆ ಬರುವ ದಾರಿಯಲ್ಲಿ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಐದು ಸೆಕೆಂಡಿನದು. ಕೊನೇ ಚೆಂಡು ನಂದು, ಸಾರಿ, ಎಂದಷ್ಟೆ. ಮೊದಲ ಬಾರಿಗೆ ಎಲ್ಲರೂ ಉತ್ತರಿಸಿದರು.

ಮುಂದಿನ ವಾರ ನಿಜವಾದ ದೊರೆಗಳು ಟೀವಿಗೆ ಮರಳಿದರು. ಭುಜ ಚೆನ್ನಾಗಿಯೇ ಇತ್ತು. ಆರನೇ ಇನಿಂಗ್ಸ್‌ನಲ್ಲಿ ಅವರ ಕಡೆಯವನೊಬ್ಬ ಸುಲಭದ ಚೆಂಡು ಬಿಟ್ಟ. ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದು, ನೋಡಬೇಡ ಕಣೋ, ನೋಡಬೇಡ, ಎಂದು ಟೀವಿಗೆ ಹೇಳಿದೆ. ಅವನು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಏಕವಚನಕ್ಕೆ ಇಳಿದುಬಿಟ್ಟೆಯಲ್ಲ, ಅಂದ ಗಂಡ. ನನಗೆ ಆ ಮೂರ್ಖನ ಮೇಲೆ ಮರುಕ ಬಂದಿತ್ತು. ಅವನಿಗೆ ಬನ್ಸ್ ಮಾಡಿ ಕೊಡುವವರು ಯಾರೂ ಇಲ್ಲವೆಂದು ಕಾಣುತ್ತದೆ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಗ್ರೂಪಿನಲ್ಲಿ, ಎಲ್ಲರೂ ನೋಡುವ ಹಾಗೆ, ಕ್ಯಾಪ್ಟನ್ ಬರೆದಿದ್ದಳು: “ಶನಿವಾರ ಪ್ರಾಕ್ಟೀಸ್‌ಗೆ ದೊರೆಗಳು ಬರ್ತಾರಾ?”

ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು ಉತ್ತರ ಬರೆದೆ.

“ಬರ್ತಾಳೆ.”